ಶನಿವಾರದ ವಾಲಿಬಾಲ್ ತರಗತಿಯ ಬಗ್ಗೆ ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು.

ಕೆಲವು ವಾರಗಳಿಂದ ನಿಮ್ಮ ಮಕ್ಕಳು ಶನಿವಾರ ಸಂಜೆ ಮೊಣಕೈಗೆಲ್ಲ ಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತಿದ್ದಾರೆ. ಸಂಡೇ ಸ್ಕೂಲಿನ ಹೆಸರಲ್ಲಿ ಹೊರಟ ಮಗು ಈ ಅವತಾರದಲ್ಲಿ ಏಕೆ ಬಂತು ಎಂದು ನಿಮ್ಮಲ್ಲಿ ಮೂವರು ನನ್ನನ್ನು ಕೇಳಿದ್ದೀರಿ. ಒಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದರು: "ಸಾಕ್ಷಿ ಹೇಳೋದು ಕಲಿಸ್ತೀವಿ ಅಂದ್ರಿ, ಚೆಂಡು ಕೊಟ್ಟು ಮೈದಾನಕ್ಕೆ ಬಿಟ್ಟಿದ್ದೀರಿ." ಅವರ ಕೋಪದಲ್ಲಿ ನ್ಯಾಯವಿದೆ. ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಆ ಬಾಕಿ ತೀರಿಸಲು ಈ ಪತ್ರ.

ಇದು ಶುರುವಾದದ್ದು ಮೈದಾನದಲ್ಲಲ್ಲ, ತರಗತಿಯಲ್ಲೇ. ದೊಡ್ಡ ಮಕ್ಕಳ ಗುಂಪಿಗೆ ಸುವಾರ್ತೆ ಸಾರುವುದರ ಬಗ್ಗೆ ನಾನು ನಾಲ್ಕು ವಾರ ಪಾಠ ಮಾಡಿದ್ದೆ. ವಚನಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದರು. ಕೊನೆಯ ದಿನ, "ನಿಮ್ಮ ನಂಬಿಕೆಯ ಬಗ್ಗೆ ಸ್ನೇಹಿತರ ಹತ್ತಿರ ಯಾವತ್ತಾದರೂ ಮಾತಾಡಿದ್ದೀರಾ?" ಎಂದು ಕೇಳಿದೆ. ಎಲ್ಲರೂ ಬೆಂಚು ನೋಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗಿ ಮೆಲ್ಲಗೆ, "ನಾನು ಹೇಳಿ, ಅವಳು ನಂಬದೇ ಹೋದ್ರೆ ತಪ್ಪು ನನ್ನದೇ ಆಗುತ್ತಲ್ವಾ ಮಿಸ್?" ಎಂದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹದಿಮೂರು ವರ್ಷದ ಮಗು ತನ್ನ ಗೆಳತಿಯ ಆತ್ಮದ ಭಾರವನ್ನು ಒಂಟಿಯಾಗಿ ಹೆಗಲ ಮೇಲೆ ಹೊತ್ತುಕೊಂಡಿದೆ. ಅಷ್ಟು ಭಾರ ಹೊತ್ತವರು ಬಾಯಿ ಬಿಡುವುದು ಹೇಗೆ? ನಾಚಿಕೆಯಿಂದ ಸುಮ್ಮನಿದ್ದಾರೆ ಎಂದುಕೊಂಡಿದ್ದೆ, ನಿಜದಲ್ಲಿ ಭಯದಿಂದ ಸುಮ್ಮನಿದ್ದರು. ಸಾಕ್ಷಿ ಹೇಳುವುದೆಂದರೆ ಒಬ್ಬರೇ ಆಡಿ ಒಬ್ಬರೇ ಗೆಲ್ಲಬೇಕಾದ ಆಟ ಎಂದು ಅವರಿಗೆ ಯಾರು ಕಲಿಸಿದರು? ಬಹುಶಃ ನಾನೇ.

ಚೆಂಡು ಬಂದದ್ದು ಹಾಗೆ. ಎಷ್ಟೋ ಆಟಗಳಿರುವಾಗ ವಾಲಿಬಾಲನ್ನೇ ಆರಿಸಿಕೊಂಡಿದ್ದಕ್ಕೆ ಅದರ ನಿಯಮವೇ ಕಾರಣ. ಒಬ್ಬರೇ ಸತತವಾಗಿ ಎರಡು ಸಲ ಚೆಂಡು ಮುಟ್ಟುವಂತಿಲ್ಲ. ನೆಟ್ ಹತ್ತಿರ ಕೈ ಎತ್ತಿ ಎದುರಿನವರ ಹೊಡೆತ ತಡೆದವರಿಗೆ (ಬ್ಲಾಕ್) ವಿನಾಯಿತಿಯಿದೆ. ಮೂರು ಮುಟ್ಟಿನೊಳಗೆ ಚೆಂಡು ಆಚೆ ಹೋಗಬೇಕು. ಫುಟ್‌ಬಾಲಿನಲ್ಲಿ ಕಾಲ್ಚಳಕ ಇರುವವನು ಐದು ಜನರನ್ನು ದಾಟಿ ಒಬ್ಬನೇ ಗೋಲು ಹೊಡೆಯಬಹುದು, ಕ್ರಿಕೆಟ್ಟಿನಲ್ಲಿ ಒಬ್ಬನೇ ಶತಕ ಬಾರಿಸಿ ಪಂದ್ಯ ಗೆಲ್ಲಿಸಬಹುದು. ಇಲ್ಲಿ ಹಾಗಲ್ಲ. ಒಬ್ಬರು ಚೆಂಡನ್ನು ಕೆಳಗೆ ಬೀಳದಂತೆ ಎತ್ತುತ್ತಾರೆ, ಇನ್ನೊಬ್ಬರು ನೆಟ್ ಹತ್ತಿರ ಎತ್ತರಕ್ಕೆ ಸೆಟ್ ಮಾಡಿಕೊಡುತ್ತಾರೆ, ಮತ್ತೊಬ್ಬರು ಹಾರಿ ಹೊಡೆಯುತ್ತಾರೆ. ನೋಡುವವರು ಚಪ್ಪಾಳೆ ತಟ್ಟುವುದು ಹೊಡೆದವರಿಗೆ. ಆದರೆ ನೆಲದ ಮೇಲೆ ಉರುಳಿ ಚೆಂಡು ಎತ್ತಿದವರಿಲ್ಲದೆ ಆ ಹೊಡೆತವೇ ಇಲ್ಲ. (ಮೊಣಕೈಯ ಮಣ್ಣು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ.)

ಮೊದಲ ಎರಡು ವಾರ ಆಟವೇ ನಡೆಯಲಿಲ್ಲ ಅನ್ನಬೇಕು. ನಮ್ಮಲ್ಲೊಬ್ಬ ಹುಡುಗ ಎತ್ತರವಾಗಿದ್ದಾನೆ, ಚೆನ್ನಾಗಿ ಹೊಡೆಯುತ್ತಾನೆ, ಅದು ಅವನಿಗೂ ಗೊತ್ತು. ಚೆಂಡು ಎಲ್ಲೇ ಬರಲಿ, ಅಲ್ಲಿ ನಿಂತವರನ್ನು ತಳ್ಳಿಕೊಂಡು ಹೋಗಿ ತಾನೇ ಹೊಡೆಯುತ್ತಿದ್ದ. ಹತ್ತರಲ್ಲಿ ಎರಡು ಹೊಡೆತ ಅದ್ಭುತ, ಎಂಟು ನೆಟ್ಟಿಗೆ. ಉಳಿದ ಐವರು ಬರುಬರುತ್ತಾ ಕೈ ಎತ್ತುವುದನ್ನೇ ಬಿಟ್ಟರು. ಆಟ ನಿಲ್ಲಿಸಿ ನಾನು ಬೈಯಲಿಲ್ಲ. ಹತ್ತು ನಿಮಿಷ ಅವನು ಸೆಟ್ ಮಾತ್ರ ಮಾಡಬೇಕು, ಹೊಡೆಯುವಂತಿಲ್ಲ ಎಂದೆ. ಮುಖ ಊದಿಸಿಕೊಂಡೇ ನಿಂತ. ಆರನೆಯದೋ ಏಳನೆಯದೋ ಚೆಂಡನ್ನು ಅವನು ಎತ್ತಿಕೊಟ್ಟಿದ್ದು ಎಷ್ಟು ಹದವಾಗಿತ್ತೆಂದರೆ, ಅದುವರೆಗೆ ಒಂದು ಅಂಕವನ್ನೂ ಗಳಿಸದ ಪುಟ್ಟ ಹುಡುಗ ಸುಮ್ಮನೆ ಅಂಗೈ ಒಡ್ಡಿದ, ಚೆಂಡು ಆಚೆ ಹೋಗಿ ಖಾಲಿ ಜಾಗದಲ್ಲಿ ಬಿತ್ತು. ಪುಟ್ಟವನು ಕುಣಿದ. ದೊಡ್ಡವನು ಅವನಿಗಿಂತ ಜೋರಾಗಿ ಕುಣಿದ.

ಆಟ ಮುಗಿದ ಮೇಲೆ ನೆರಳಲ್ಲಿ ಕೂತು ಬೈಬಲಿನ 1 ಕೊರಿಂಥ 3ನೇ ಅಧ್ಯಾಯ ತೆಗೆದೆವು. ನಾನು ಸಸಿ ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದ, ಬೆಳೆಸಿದವನು ದೇವರು ಎಂದು ಪೌಲನು ಹೇಳುವ ಜಾಗ. ಈ ವಚನವನ್ನು ಇದೇ ಮಕ್ಕಳು ನನ್ನೆದುರು ಬಾಯಿಪಾಠ ಹೇಳಿ ಬಹುಮಾನ ತೆಗೆದುಕೊಂಡಿದ್ದರು. ಆವತ್ತು ಮಾತ್ರ, ಬೆಂಚು ನೋಡುತ್ತಿದ್ದ ಅದೇ ಹುಡುಗಿ, "ಹಾಗಾದ್ರೆ ನಾನು ಚೆಂಡು ಎತ್ತಿಕೊಟ್ರೆ ಸಾಕಾ?" ಎಂದು ಕೇಳಿದಳು. ಸಾಕು ಎಂದೆ. ಗೆಳತಿ ಅಳುವಾಗ ಪಕ್ಕದಲ್ಲಿ ಕೂರುವುದು ಒಂದು ಮುಟ್ಟು. "ನಿನಗೋಸ್ಕರ ಪ್ರಾರ್ಥನೆ ಮಾಡಲಾ?" ಎಂದು ಕೇಳುವುದು ಇನ್ನೊಂದು. ಯೇಸು ಯಾರು ಎಂದು ಬಿಡಿಸಿ ಹೇಳುವುದು ಮುಂದೆ ಯಾವತ್ತೋ ಬೇರೆ ಯಾರದೋ ಪಾಲಿಗೆ ಬರಬಹುದು, ಅವಳ ಪಾಲಿಗೂ ಬರಬಹುದು. ಬೆಳೆಸುವ ಕೆಲಸ ಮಾತ್ರ ನಮ್ಮ ತಂಡದ ಯಾರದ್ದೂ ಅಲ್ಲ.

ಎತ್ತಿಕೊಟ್ಟರೆ ಸಾಕು ಎಂದರೆ ಬಾಯಿ ಮುಚ್ಚಿಕೊಂಡಿರಲು ನೆಪ ಸಿಕ್ಕಂತಲ್ಲವೇ ಎಂದು ನೀವು ಕೇಳಬಹುದು. ಅದಕ್ಕೂ ಈ ಆಟದಲ್ಲೊಂದು ನಿಯಮವಿದೆ. ಸರ್ವ್, ಅಂದರೆ ಚೆಂಡು ಹೊಡೆದು ಆಟ ಶುರುಮಾಡುವ ಅವಕಾಶ, ಎದುರಿನವರಿಂದ ಮರಳಿ ಗಳಿಸಿದಾಗಲೆಲ್ಲ ತಂಡದ ಆರೂ ಜನ ಗಡಿಯಾರದ ಮುಳ್ಳು ತಿರುಗಿದಂತೆ ಒಂದೊಂದು ಜಾಗ ಸರಿಯಬೇಕು. ಹಿಂದೆ ಅಡಗಿದ್ದವನು ಮುಂದೆ ಬಂದೇ ಬರುತ್ತಾನೆ, ಸರ್ವ್ ಮಾಡುವ ಸರದಿ ಎಲ್ಲರಿಗೂ ಬಂದೇ ಬರುತ್ತದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಪೇತ್ರನು ಬರೆದದ್ದನ್ನು ನಾನು ಮಕ್ಕಳಿಗೆ ಹೀಗೆಯೇ ಹೇಳಿಕೊಟ್ಟೆ: ಸರದಿ ಬಂದಾಗ ಚೆಂಡು ಕೈಯಲ್ಲಿರುತ್ತದೆ, ಎಲ್ಲರೂ ನಿಮ್ಮನ್ನೇ ನೋಡುತ್ತಿರುತ್ತಾರೆ, ಓಡಿಹೋಗುವಂತಿಲ್ಲ. ಅಭ್ಯಾಸ ಬೇಕು. ಅದಕ್ಕೇ ಪ್ರತಿ ಶನಿವಾರ ಆಟದ ಕೊನೆಗೆ ಒಬ್ಬರು ಎರಡು ನಿಮಿಷ ಮಾತಾಡುತ್ತಾರೆ. ಬಾಯಿಪಾಠದ ಸಾಕ್ಷಿ ಬೇಡ. ಈ ವಾರ ದೇವರು ನಿನಗೆ ಯಾವಾಗ ನೆನಪಾದ, ಯಾವಾಗ ಮರೆತುಹೋದ, ಅಷ್ಟೇ. ಮೊದಲ ಸಲ ಒಬ್ಬಳ ಸರ್ವ್ ಮೂರು ಸಲ ನೆಟ್ಟಿಗೆ ಬಿದ್ದಹಾಗೆ ಅವಳ ಮಾತೂ ಮೂರು ಸಲ ನಡುವೆಯೇ ಬಿತ್ತು. ಉಳಿದವರು, ಆಟದಲ್ಲಿ ಅಂದಹಾಗೇ, "ಪರವಾಗಿಲ್ಲ, ಇನ್ನೊಂದ್ಸಲ" ಅಂದರು. ನಾನು ಕಲಿಸಿದ್ದಲ್ಲ ಅದು.

ಪೇತ್ರನು ಅದೇ ವಾಕ್ಯದಲ್ಲಿ ಸೇರಿಸುವ ಇನ್ನೊಂದು ಮಾತನ್ನು ನಾವು ದೊಡ್ಡವರು ಸುಲಭವಾಗಿ ಬಿಟ್ಟುಬಿಡುತ್ತೇವೆ: ಸಾತ್ವಿಕತ್ವದಿಂದ ಹೇಳಬೇಕು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆಟದ ಹುರುಪಿನಲ್ಲಿ ನಾನು ತರಗತಿಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಎಷ್ಟು ಸ್ನೇಹಿತರನ್ನು ಕರೆದಿರೋ ಅಷ್ಟು ನಕ್ಷತ್ರ. ಎರಡೇ ವಾರದಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಒಂಬತ್ತು ನಕ್ಷತ್ರ. ಹೊಗಳಿದೆ. ಅವನು ಅಳುತ್ತಾ ಬಂದು, ಅದರಲ್ಲಿ ಐವರನ್ನು ತಾನು ಕರೆದೇ ಇಲ್ಲ, ಒಬ್ಬನನ್ನು ಬರಲೇಬೇಕೆಂದು ಪೀಡಿಸಿ ಅವನ ಸ್ನೇಹ ಕಳೆದುಕೊಂಡೆ ಎಂದ. ಚಾರ್ಟನ್ನು ಅವನ ಎದುರಿಗೇ ಕಿತ್ತು ಹಾಕಿದೆ. ಅಂಕಪಟ್ಟಿ ಆಟಕ್ಕೆ ಸರಿ, ಸ್ನೇಹಿತರಿಗೆ ಸಲ್ಲದು. ಎದುರಿಗಿರುವ ಮಗು ಗೆಲ್ಲಬೇಕಾದ ಅಂಕವಲ್ಲ. ಇಂಥ ಪಟ್ಟಿ ಇನ್ನೊಮ್ಮೆ ಗೋಡೆಯ ಮೇಲೆ ಕಂಡರೆ ದಯವಿಟ್ಟು ನೀವೇ ಕಿತ್ತುಹಾಕಿ.

ಮೈದಾನಕ್ಕೆ ಬೇರೆ ನಂಬಿಕೆಯ ಮನೆಗಳ ಮಕ್ಕಳೂ ಆಡಲು ಬರುತ್ತಾರೆ. ಅವರ ತಂದೆತಾಯಿಗೆ ಇದು ಸಂಡೇ ಸ್ಕೂಲಿನ ಆಟ, ಕೊನೆಗೆ ಪ್ರಾರ್ಥನೆ ಮತ್ತು ಮಾತು ಇರುತ್ತದೆ ಎಂದು ಮೊದಲೇ ಹೇಳಿದ್ದೇವೆ. ಆಟ ಮುಗಿಸಿ ಹೊರಡುವವರು ಹೊರಡಬಹುದು, ಹೊರಟವರಿಗೂ ಮುಂದಿನ ವಾರ ತಂಡದಲ್ಲಿ ಅದೇ ಜಾಗ. ಚೆಂಡಿನ ಆಸೆ ತೋರಿಸಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ನೆಟ್ ದಾಟಿ ಹೋಗಿ ಎದುರಿನವರ ಆಟಕ್ಕೆ ಅಡ್ಡಿಯಾದರೆ ಫೌಲ್, ಮಕ್ಕಳಿಗೆ ಇದು ಬೇಗ ಅರ್ಥವಾಯಿತು.

ಆಟಕ್ಕೂ ಸುವಾರ್ತೆಗೂ ಎಲ್ಲಿಯ ಸಂಬಂಧ ಎಂದವರಿಗೆ ಸ್ವಲ್ಪ ಚರಿತ್ರೆ. ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದಲ್ಲಿ, ಅಲ್ಲಿನ ವ್ಯಾಯಾಮ ಶಿಕ್ಷಕ ವಿಲಿಯಂ ಮಾರ್ಗನ್ ಕೈಯಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1891ರ ಡಿಸೆಂಬರಿನಲ್ಲಿ, ಹತ್ತಿರದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ರೂಪಿಸಿದರು. ಅವರು ದೇವಶಾಸ್ತ್ರ ಓದಿದವರು. ಅವರ ಹದಿಮೂರು ನಿಯಮಗಳಲ್ಲಿ ಚೆಂಡು ಹಿಡಿದು ಓಡುವಂತಿಲ್ಲ ಎಂಬುದೂ ಒಂದು. ಓಡುವಂತಿಲ್ಲವಾದರೆ ಓಡುವವನನ್ನು ಕೆಡವುವ ಅಗತ್ಯವೂ ಇಲ್ಲ. ಹಿಡಿದ ಜಾಗದಿಂದಲೇ ಇನ್ನೊಬ್ಬನಿಗೆ ಎಸೆಯಬೇಕು. ಈ ನೈಸ್ಮಿತ್ ವಿದ್ಯಾರ್ಥಿಯಾಗಿ ಫುಟ್‌ಬಾಲ್ ಆಡುತ್ತಿದ್ದಾಗ ಪಕ್ಕದ ಆಟಗಾರ ಸಿಟ್ಟಿನಲ್ಲಿ ಕೆಟ್ಟ ಮಾತಾಡಿ, ಆಮೇಲೆ ಇವರ ಕಡೆ ತಿರುಗಿ, ನೀನಿಲ್ಲಿರುವುದು ಮರೆತುಹೋಯಿತು ಎಂದು ಕ್ಷಮೆ ಕೇಳಿದನಂತೆ. ನೈಸ್ಮಿತ್ ಅವನಿಗೆ ಒಂದು ದಿನವೂ ಬುದ್ಧಿ ಹೇಳಿದವರಲ್ಲ. ಈ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ.

ಇನ್ನೂ ಹಿಂದಕ್ಕೆ ಹೋದರೆ ಪೌಲ. ಅವನ ಆಟದ ಹೋಲಿಕೆಗಳೆಂದರೆ ನಮಗೆ ಓಟಗಾರನೂ ಗುದ್ದಾಟದವನೂ ನೆನಪಾಗುತ್ತಾರೆ, ಇಬ್ಬರೂ ಒಂಟಿ. ಆದರೆ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಅವನು ಎರಡು ಸಲ ಬಳಸುವ ಗ್ರೀಕ್ ಕ್ರಿಯಾಪದವೊಂದಿದೆ, 'ಸುನಥ್ಲೆಯೊ'. ಅಥ್ಲೀಟ್ ಎಂಬ ಪದದ ಬೇರೇ ಇದರೊಳಗಿದೆ. ಜೊತೆಗೂಡಿ ಸೆಣಸುವುದು ಎಂದರ್ಥ. ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಈ ಪದವಿಲ್ಲ, ಇರುವ ಎರಡು ಕಡೆಯೂ ವಿಷಯ ಸುವಾರ್ತೆಯೇ. ಎರಡನೆಯ ಸಲ ಯಾರ ಬಗ್ಗೆ ಗೊತ್ತೇ? ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಬಗ್ಗೆ. ಆಗ ಅವರಿಬ್ಬರಿಗೆ ಒಮ್ಮನಸ್ಸಿರಲಿಲ್ಲ. ಪೌಲನು ಅವರನ್ನು ತಂಡದಿಂದ ಹೊರಗೆ ಹಾಕಲಿಲ್ಲ, ನನ್ನ ಜೊತೆ ಸೆಣಸಿದವರು ಎಂದು ನೆನಪಿಸಿ, ಅವರಿಗೆ ನೆರವಾಗು ಎಂದು ಇನ್ನೊಬ್ಬನಿಗೆ ಹೇಳಿದ. ಜಗಳ ಮಾಡಿಕೊಂಡು ಮಾತು ಬಿಟ್ಟಿದ್ದ ನಮ್ಮ ಇಬ್ಬರು ಹುಡುಗಿಯರನ್ನು ನಾನು ಒಂದೇ ತಂಡಕ್ಕೆ ಹಾಕಿದ್ದು ಇದನ್ನು ಓದಿದ ವಾರವೇ. ಮಾತು ಇನ್ನೂ ಪೂರ್ತಿ ಶುರುವಾಗಿಲ್ಲ. ಆದರೆ ಚೆಂಡು ಬಂದಾಗ "ನಂದು!" ಎಂದು ಕೂಗಲೇಬೇಕಲ್ಲ, ಅಷ್ಟರ ಮಟ್ಟಿಗೆ ಆಗಿದೆ.

ಕೊನೆಯದಾಗಿ ಭಾನುವಾರದ ಪಂದ್ಯಗಳ ವಿಷಯ. ಆಟ ಚೆನ್ನಾಗಿ ಬಂದ ಮಕ್ಕಳಿಗೆ ಬೇರೆ ತಂಡಗಳಿಂದ ಕರೆ ಬರುತ್ತಿದೆ, ಅವರ ಪಂದ್ಯಗಳು ಆರಾಧನೆಯ ಹೊತ್ತಿಗೇ ಇರುತ್ತವೆ. ಏನು ಮಾಡಲಿ ಎಂದು ಕೇಳಿದ್ದೀರಿ. ಇಂಥ ಪ್ರಶ್ನೆ ಬಂದಾಗಲೆಲ್ಲ ಎರಿಕ್ ಲಿಡೆಲ್ ಹೆಸರು ಬರುತ್ತದೆ. ಸ್ಕಾಟ್ಲೆಂಡಿಗೆ ರಗ್ಬಿಯನ್ನೂ ಆಡಿದ ಅವರು 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಇದ್ದ ಕಾರಣ ಓಡಲಿಲ್ಲ, 400 ಮೀಟರಿನಲ್ಲಿ ಚಿನ್ನ ಗೆದ್ದರು, ಮುಂದೆ ಮಿಷನರಿಯಾಗಿ ಚೀನಾಕ್ಕೆ ಹೋದರು. ಇಷ್ಟು ಎಲ್ಲರಿಗೂ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ಚೀನಾದ ವೈಶಿಯನ್ ಬಂಧನ ಶಿಬಿರದಲ್ಲಿಟ್ಟರು. ಅಲ್ಲಿನ ಹುಡುಗರು ಒಂದು ಭಾನುವಾರ ರೆಫ್ರಿಯಿಲ್ಲದೆ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ತನಗಾಗಿ ಭಾನುವಾರ ಓಡದಿದ್ದ ಆ ಮನುಷ್ಯ ಮುಂದಿನ ಭಾನುವಾರ ಆ ಹುಡುಗರಿಗಾಗಿ ರೆಫ್ರಿಯಾಗಿ ಮೈದಾನಕ್ಕಿಳಿದರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು. ಎರಡೂ ಕಥೆಗಳನ್ನು ಮಗುವಿನ ಜೊತೆ ಕೂತು ಮಾತಾಡಿ, ತೀರ್ಮಾನ ನಿಮ್ಮ ಮನೆಯದು. ಬರದ ಮಗುವಿನ ಹೆಸರಿನ ಮುಂದೆ ನಾನು ಕೆಂಪು ಗೆರೆ ಎಳೆಯುವುದಿಲ್ಲ. ಆದರೆ "ಪಂದ್ಯ ಇದೆ" ಎಂದು ಹೇಳಿ ಮಲಗಿರುವ ಮಗುವಿನ ವಿಷಯ ಬೇರೆ.

ನಿಮ್ಮಿಂದ ನನಗೆ ಬೇಕಾದದ್ದು ಸ್ವಲ್ಪವೇ. ಶನಿವಾರ ಮನೆಗೆ ಬಂದ ಮಗುವನ್ನು "ಗೆದ್ರಾ?" ಎಂದು ಕೇಳುವ ಮೊದಲು "ಇವತ್ತು ಯಾರಿಗೆ ಚೆಂಡು ಎತ್ತಿಕೊಟ್ಟೆ?" ಎಂದು ಕೇಳಿ. ನಿಮ್ಮ ನಂಬಿಕೆಯ ಬಗ್ಗೆ ನೀವು ಯಾರ ಹತ್ತಿರವಾದರೂ ಮಾತಾಡಿ ಎಡವಿದ್ದಿದ್ದರೆ ಆ ಕಥೆಯನ್ನು ಮಗುವಿಗೆ ಹೇಳಿ. ಅಪ್ಪನ ಸರ್ವ್ ಕೂಡ ನೆಟ್ಟಿಗೆ ಬಿದ್ದಿತ್ತು ಎಂದು ಗೊತ್ತಾದರೆ ಮಕ್ಕಳಿಗೆ ಎಷ್ಟು ಸಮಾಧಾನವೋ, ನಾನು ಕಣ್ಣಾರೆ ಕಂಡಿದ್ದೇನೆ. ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಭಾನುವಾರ ಕಳಿಸಿ. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆಯಿರಿ, ಆ ಮಕ್ಕಳಿಗೆ ಅದೇ ಹೊತ್ತಿಗೆ ಒಳಗೆ ಹಾಡಿನ ಅಭ್ಯಾಸವಿದೆ.

ತಿಂಗಳ ಕೊನೆಯ ಶನಿವಾರ ಸಂಜೆ ನಾಲ್ಕಕ್ಕೆ ಪೋಷಕರ ತಂಡಕ್ಕೂ ಮಕ್ಕಳ ತಂಡಕ್ಕೂ ಪಂದ್ಯ. ನಮ್ಮ ಕಡೆ ಈಗ ನಾಲ್ವರಿದ್ದೇವೆ, ಇನ್ನಿಬ್ಬರು ಬೇಕು. ಆಟ ಬರಬೇಕೆಂದೇನಿಲ್ಲ. ನನಗೂ ಬರುವುದಿಲ್ಲ.

ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಮುಖ್ಯೋಪಾಧ್ಯಾಯಿನಿ, ಸಂಡೇ ಸ್ಕೂಲ್

ಮರೆತಿದ್ದೆ: ದಯವಿಟ್ಟು ಮಕ್ಕಳಿಗೆ ಬಿಳಿ ಅಂಗಿ ಹಾಕಿ ಕಳಿಸಬೇಡಿ.