ಸ್ಪೀಕರ್ ರಾಜ್ ಚೌಹಾಣ್ ಅವರಿಗೊಂದು ಬಹಿರಂಗ ಪತ್ರ: ತೂಕದ ಕೂಲಿ ಇನ್ನೂ ಹಾಗೇ ಇದೆ

ಮಾನ್ಯ ಸ್ಪೀಕರ್ ರಾಜ್ ಚೌಹಾಣ್ ಅವರಿಗೆ,
ಬ್ರಿಟಿಷ್ ಕೊಲಂಬಿಯಾ ಶಾಸನಸಭೆ, ವಿಕ್ಟೋರಿಯಾ, ಕೆನಡಾ

ನಮಸ್ಕಾರಗಳು.

ನಮ್ಮ ಪ್ರಾಂತ್ಯದ ತೋಟಗಳಲ್ಲಿ ಹಣ್ಣು ಕುಯ್ಯುವವರಿಗೆ ಗಂಟೆಯ ಬದಲು ತೂಕದ ಲೆಕ್ಕದಲ್ಲಿ ಕೂಲಿ ಕೊಡುವ ಬಗ್ಗೆ ಈ ಪತ್ರ. ಬರೆದಿರುವುದು ಕನ್ನಡದಲ್ಲಿ. ನಿಮಗೆ ಓದಲು ಬರಲಿಕ್ಕಿಲ್ಲ. ಆದರೆ ಬಹಿರಂಗ ಪತ್ರವನ್ನು ಯಾರಿಗೆ ಬರೆದಿರುತ್ತಾರೋ ಅವರಿಗಿಂತ ಊರವರೇ ಜಾಸ್ತಿ ಓದುವುದು, ಅಲ್ವಾ? ಇದೇ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದು ನಿಮ್ಮ ಕಚೇರಿಗೆ ಬೇರೆ ಕಳಿಸಿದ್ದೇನೆ. ಇಲ್ಲಿ ನಮ್ಮವರಿಗೂ ನಿಮ್ಮ ವಿಷಯ ಗೊತ್ತಾಗಲಿ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಿಮ್ಮ ಕಥೆಯನ್ನು ನಿಮಗೇ ಹೇಳುತ್ತಿದ್ದಾನೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ನಾನು ನಿಮ್ಮ ಕ್ಷೇತ್ರದ ಮತದಾರ. ಎಡ್ಮಂಡ್ಸ್ ಸ್ಕೈಟ್ರೈನ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಹುಟ್ಟಿ ಬೆಳೆದದ್ದು ಮೂಡಿಗೆರೆ ಕಡೆಯ ಕಾಫಿ ಸೀಮೆಯಲ್ಲಿ. ಅಪ್ಪ ಒಂದು ತೋಟದಲ್ಲಿ ರೈಟರು. ಅಂದರೆ ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ ಎಲ್ಲ ಬರೆಯುವವರು. ಕುಯ್ಲಿನ ಕಾಲದಲ್ಲಿ ಸಂಜೆ ಕಣದ ಪಕ್ಕದ ಮರದ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟುತ್ತಿದ್ದರು. ಹೆಂಗಸರು ಚೀಲ ಹೊತ್ತು ಸಾಲಾಗಿ ನಿಲ್ಲುತ್ತಿದ್ದರು. ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಅಪ್ಪ ಚೀಲದ ತೂಕ ಕಳೆದು ಲೆಕ್ಕ ಕೂಗುತ್ತಿದ್ದರು. ಎಲೆ, ಕಡ್ಡಿ ಅಂತ ಇನ್ನರ್ಧ ಕೆಜಿ ಕಳೆಯಿರಿ ಎಂದು ಮೇಲಿನವರು ಹೇಳಿದ ದಿನ ಅಪ್ಪ ಮನೆಗೆ ಬಂದರೆ ಊಟ ಮುಗಿಯುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಕಳೆದದ್ದು ಅವರೇ ತಾನೇ.

ಹೋದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಬಾಟ್ಸ್‌ಫರ್ಡ್ ಕಡೆ ಬ್ಲೂಬೆರಿ ಕೀಳಲು ಹೋಗಿದ್ದೆವು. ದುಡ್ಡು ಕೊಟ್ಟು ನಾವೇ ಕಿತ್ತುಕೊಳ್ಳುವಂಥ ಫಾರಂ, ಭಾನುವಾರದ ಮೋಜು. ಹಕ್ಕಿ ಓಡಿಸಲು ಇಟ್ಟ ಗ್ಯಾಸಿನ ತೋಪು ಆಗಾಗ ಢಮ್ ಅನ್ನುತ್ತಿತ್ತು. ಪಕ್ಕದ ತೋಟದಲ್ಲಿ ನಿಜವಾದ ಕುಯ್ಲು ನಡೆದಿತ್ತು. ಸಲ್ವಾರಿನ ಮೇಲೆ ಗಂಡಸರ ಅಂಗಿ ತೊಟ್ಟ ಒಬ್ಬ ಪಂಜಾಬಿ ಅಜ್ಜಿ ಸೊಂಟಕ್ಕೆ ಬಕೆಟ್ ಕಟ್ಟಿಕೊಂಡು ಎರಡೂ ಕೈಯಲ್ಲಿ ಹಣ್ಣು ಉದುರಿಸುತ್ತಿದ್ದರು. ಬೆರಳು ಹಸಿರು ಕಾಯಿ ಮುಟ್ಟುತ್ತಲೇ ಇರಲಿಲ್ಲ, ಹಣ್ಣು ಮಾತ್ರ ಬೀಳುತ್ತಿತ್ತು. ಆ ಕೈ ನನಗೆ ಗೊತ್ತು. ನಮ್ಮ ತೋಟದಲ್ಲಿ ನೋಡಿದ್ದೇ. ನಾವು ನಾಲ್ಕು ಜನ ಸೇರಿ ಒಂದೂವರೆ ಗಂಟೆಯಲ್ಲಿ ಕಿತ್ತದ್ದು ಮೂರು ಕೆಜಿ. ಕೂಲಿ ಲೆಕ್ಕದಲ್ಲಿ ಆಗಿದ್ದರೆ ಅದು ಒಂದು ಕಾಫಿ, ಒಂದು ಬನ್ನಿಗೂ ಸಾಲುತ್ತಿರಲಿಲ್ಲ.

ಮನೆಗೆ ಬಂದು ರಾತ್ರಿ ಸುಮ್ನೆ ಕೂತು ನಿಮ್ಮ ಬಗ್ಗೆ ಓದಿದೆ. ಎರಡು ಸಲ ನಿಮಗೆ ವೋಟು ಹಾಕಿದವನು ಈಗ ಓದಿದ್ದು, ನಾಚಿಕೆಯ ವಿಷಯವೇ.

1973ರಲ್ಲಿ ನೀವು ಪಂಜಾಬಿನಿಂದ ಇಲ್ಲಿಗೆ ಬಂದಿರಿ. 1980ರ ಏಪ್ರಿಲ್‌ನಲ್ಲಿ ಕೆನಡಾದ ಕೃಷಿ ಕೂಲಿಕಾರರ ಯೂನಿಯನ್ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ನೀವು. ಆಗ ಫ್ರೇಸರ್ ಕಣಿವೆಯ ತೋಟಗಳಲ್ಲಿ ಕೂಲಿಯವರನ್ನು ಹಳೆಯ ದನದ ಕೊಟ್ಟಿಗೆಗಳಲ್ಲಿ ಇಡುತ್ತಿದ್ದರು. ನಮ್ಮ ಕಡೆಯ ಲೈನ್ ಮನೆಗಳೇ ವಾಸಿ ಅನ್ನಿಸುವಂಥ ಜಾಗ. ಯೂನಿಯನ್ ಹುಟ್ಟಿದ ವರ್ಷವೇ ಅಂಥ ಒಂದು ಗೂಡಿನಲ್ಲಿ ಏಳು ತಿಂಗಳ ಕೂಸು ಮಂಚದಿಂದ ಉರುಳಿ ನೀರಿನ ಬಕೆಟ್ಟಿಗೆ ಬಿದ್ದು ಸತ್ತಿತು. 1982ರಲ್ಲಿ 19 ವರ್ಷದ ಹುಡುಗನೊಬ್ಬ ಕೀಟನಾಶಕದ ವಿಷದಿಂದ ಸತ್ತ. ಇಷ್ಟಾದ ಮೇಲೆ 1983ರಲ್ಲಿ ಕೃಷಿ ಕೂಲಿಯವರಿಗೂ ಗಾಯದ ಪರಿಹಾರ ಸಿಗುವ ಹಾಗಾಯಿತು. ಕೆಲಸದ ಜಾಗದ ಸುರಕ್ಷತಾ ನಿಯಮಗಳು ಬರಲು ಮತ್ತೆ ಹತ್ತು ವರ್ಷ ಹಿಡಿಯಿತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ನಿಮ್ಮ ಯೂನಿಯನ್ ಕೂಲಿಯವರಿಗೆ ಇಂಗ್ಲಿಷ್ ಪಾಠವನ್ನೂ ಶುರು ಮಾಡಿತು. ತೂಕದ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಓದಲು ಬಾರದವರ ಹತ್ತಿರ ಹಕ್ಕಿನ ಮಾತಾಡಿ ಏನು ಪ್ರಯೋಜನ? ಅಪ್ಪನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರು ನೆನಪಾದರು.

ಆಮೇಲೆ 18 ವರ್ಷ ಆಸ್ಪತ್ರೆ ನೌಕರರ ಯೂನಿಯನ್ ಪರವಾಗಿ ಸಂಬಳದ ಮಾತುಕತೆ ನಡೆಸುವ ವಿಭಾಗದ ಮುಖ್ಯಸ್ಥರಾಗಿದ್ದಿರಿ. 2005ರಲ್ಲಿ ಎನ್‌ಡಿಪಿಯಿಂದ (ನ್ಯೂ ಡೆಮಾಕ್ರಟಿಕ್ ಪಕ್ಷ) ಬರ್ನಬಿ-ಎಡ್ಮಂಡ್ಸ್‌ನಲ್ಲಿ ಗೆದ್ದಿರಿ. ಅಲ್ಲಿಂದ ಒಂದು ಸಲವೂ ಸೋತಿಲ್ಲ. 2009, 2013, 2017, 2020, ಮತ್ತೆ 2024. ಗಡಿ ಬದಲಾಗಿ ಕ್ಷೇತ್ರಕ್ಕೆ ಬರ್ನಬಿ-ನ್ಯೂ ವೆಸ್ಟ್‌ಮಿನ್‌ಸ್ಟರ್ ಅಂತ ಹೆಸರಾದರೂ ಗೆದ್ದಿದ್ದು ನೀವೇ.

2007ರ ಮಾರ್ಚ್ 7ರಂದು ಅಬಾಟ್ಸ್‌ಫರ್ಡ್ ಹತ್ತಿರ ಕೂಲಿಯವರನ್ನು ಕರೆದೊಯ್ಯುತ್ತಿದ್ದ ವ್ಯಾನ್ ಪಲ್ಟಿ ಹೊಡೆಯಿತು. ಒಳಗಿದ್ದವರು 17 ಜನ. ಸೀಟ್ ಬೆಲ್ಟ್ ಇದ್ದದ್ದು ಎರಡು. ಉಳಿದವರಿಗೆ ಮರದ ಬೆಂಚು. ಮೂವರು ಹೆಂಗಸರು ಸತ್ತರು. ಯೂನಿಯನ್ ಹುಟ್ಟಿ ಹತ್ತಿರ ಹತ್ತಿರ 27 ವರ್ಷವಾದ ಮೇಲೆ ನಡೆದದ್ದು ಇದು. ಆ ಸುದ್ದಿ ಕೇಳಿದ ದಿನ ನಿಮಗೆ ಹೇಗಾಗಿರಬೇಕು ಅಂತ ಯೋಚಿಸಿದೆ. ವಿರೋಧ ಪಕ್ಷದ ಸಾಲಿನಲ್ಲಿದ್ದ ನೀವು ಸಭೆಯಲ್ಲಿ ಈ ವಿಷಯ ಎತ್ತಿ ಸರ್ಕಾರವನ್ನು ಪ್ರಶ್ನೆ ಕೇಳಿದಿರಿ. ಆಗ ಅಲ್ಲಿ ತೋಟದ ಕೂಲಿಯ ಬಗ್ಗೆ ಮಾತಾಡಲು ನಿಮ್ಮಷ್ಟು ತಿಳಿದವರು ಇನ್ಯಾರಿದ್ದರು?

2020ರ ಡಿಸೆಂಬರಿನಲ್ಲಿ ನೀವು ಸ್ಪೀಕರ್ ಆದಿರಿ. ಕೆನಡಾದ ಯಾವುದೇ ಶಾಸನಸಭೆಯಲ್ಲಿ ಆ ಕುರ್ಚಿ ಹತ್ತಿದ ಮೊದಲ ದಕ್ಷಿಣ ಏಷ್ಯಾ ಮೂಲದವರು. ಸಣ್ಣ ಮಾತಲ್ಲ. ಇದೇ ಪ್ರಾಂತ್ಯ 1907ರಲ್ಲಿ ನಮ್ಮಂಥವರ ಮತದ ಹಕ್ಕು ಕಿತ್ತುಕೊಂಡಿತ್ತು, 1947ರವರೆಗೂ ವಾಪಸ್ ಕೊಡಲಿಲ್ಲ. ಆ ಸಭೆಯಲ್ಲಿ ಈಗ ಎಲ್ಲರೂ ನಿಮ್ಮನ್ನು ಉದ್ದೇಶಿಸಿಯೇ ಮಾತಾಡಬೇಕು. ಟಿವಿಯಲ್ಲಿ ನೋಡುವಾಗ ನನಗೂ ಖುಷಿಯಾಗುತ್ತೆ, ಸುಳ್ಳು ಹೇಳಲ್ಲ.

ಆದರೆ ಖುಷಿಯ ಜೊತೆಗೆ ಒಂದು ತಕರಾರು ಇದೆ. ಈ ಪತ್ರ ಬರೆದದ್ದೇ ಅದಕ್ಕೆ.

ನಮ್ಮ ಪ್ರಾಂತ್ಯದಲ್ಲಿ ಕನಿಷ್ಠ ಕೂಲಿ 2025ರ ಜೂನ್‌ನಲ್ಲಿ ಗಂಟೆಗೆ 17.85 ಡಾಲರ್ ಆಯಿತು. ಅಂಗಡಿಯಲ್ಲಿ ಕೂತ ಹುಡುಗನಿಗೂ ಅಷ್ಟು, ಪಾತ್ರೆ ತೊಳೆಯುವವರಿಗೂ ಅಷ್ಟು. ಆದರೆ ಬ್ಲೂಬೆರಿ, ಸ್ಟ್ರಾಬೆರಿ, ಚೆರ್ರಿ, ಸೇಬು ಹೀಗೆ 15 ಬೆಳೆಗಳನ್ನು ಕೈಯಲ್ಲಿ ಕುಯ್ಯುವವರಿಗೆ ಆ ಲೆಕ್ಕ ಇಲ್ಲ. ಅವರಿಗೆ ತೂಕದ ಕೂಲಿ ಕೊಟ್ಟರೆ ಸಾಕು. ತೂಕದ ದರವನ್ನು ಸರ್ಕಾರ ಆಗಾಗ ಸ್ವಲ್ಪ ಏರಿಸುತ್ತೆ, ನಿಜ. ಆದರೆ ದಿನದ ಕೊನೆಗೆ ತೂಕದ ದುಡ್ಡು ಗಂಟೆಯ ಕೂಲಿಗಿಂತ ಕಡಿಮೆ ಬಂದರೆ ಮಾಲೀಕ ತುಂಬಿಕೊಡಬೇಕಾಗಿಲ್ಲ. ಓವರ್‌ಟೈಮ್ ದುಡ್ಡೂ ಇಲ್ಲ, ಸರ್ಕಾರಿ ರಜೆಯ ಸಂಬಳವೂ ಇಲ್ಲ. ಚುರುಕು ಕೈಯವರಿಗೆ ತೂಕವೇ ಲಾಭ ಅಂತ ಮಾಲೀಕರು ಹೇಳುತ್ತಾರೆ. ಭರ್ತಿ ಹಣ್ಣಿರುವ ವಾರದಲ್ಲಿ ಗಟ್ಟಿ ಆಳಿಗೆ ಹಾಗಿರಬಹುದು. ಹಣ್ಣು ಮುಗಿಯುತ್ತಾ ಬಂದ ವಾರದಲ್ಲಿ, ಮಳೆ ಬಂದ ದಿನ, ಎಪ್ಪತ್ತರ ಅಜ್ಜಿಗೆ? ನಮ್ಮ ಕಾಫಿ ತೋಟದಲ್ಲೂ ಹಾಗೇ. ಮೊದಲ ಕುಯ್ಲಿನ ತೂಕವೇ ಬೇರೆ, ಕೊನೆಗೆ ಗಿಡಕ್ಕೆ ನಾಲ್ಕು ಹಣ್ಣು ಹುಡುಕಿ ತೆಗೆಯುವಾಗಿನ ತೂಕವೇ ಬೇರೆ. ಬೆನ್ನು ನೋಯುವುದು ಮಾತ್ರ ಎರಡರಲ್ಲೂ ಒಂದೇ.

2017ರಿಂದ ನಿಮ್ಮದೇ ಪಕ್ಷದ ಸರ್ಕಾರ. ಈ ನಿಯಮ ಹೋಗಿಲ್ಲ. ಅದೇ ವರ್ಷ ನೀವು ಡೆಪ್ಯುಟಿ ಸ್ಪೀಕರ್ ಆದಿರಿ, ಆಮೇಲೆ ಸ್ಪೀಕರ್. ಸ್ಪೀಕರ್ ಚರ್ಚೆಯಲ್ಲಿ ಮಾತಾಡುವಂತಿಲ್ಲ, ಒಂದು ಪಕ್ಷದ ಪರ ವಾದಿಸುವಂತಿಲ್ಲ. ಸಭೆಯ ದೃಷ್ಟಿಯಿಂದ ಅದು ಸರಿಯೇ. ಬೆರಿ ತೋಟದ ದೃಷ್ಟಿಯಿಂದ ನೋಡಿದರೆ, ವಿಷಯ ಗೊತ್ತಿದ್ದ ಒಬ್ಬರ ಬಾಯಿಯನ್ನು ಅತ್ಯಂತ ಮರ್ಯಾದೆಯಿಂದ ಮುಚ್ಚಿದ ಹಾಗಾಯಿತು. ನಿಮ್ಮ ಪಕ್ಷದವರು ಬೇಕಂತಲೇ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದದ್ದು ಹಾಗೆ.

2024ರ ಚುನಾವಣೆ ಆದ ಮೇಲೆ ನಿಮ್ಮ ಕುರ್ಚಿಯ ತೂಕ ಇನ್ನೂ ಏರಿತು. 93 ಸೀಟಿನಲ್ಲಿ ಎನ್‌ಡಿಪಿಗೆ 47. ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿದರೆ ಉಳಿಯುವುದು 46. ಎದುರಿಗೂ 46. 2025ರ ಮೇ ತಿಂಗಳಲ್ಲಿ ದೊಡ್ಡ ಕಾಮಗಾರಿಗಳಿಗೆ ಬೇಗ ಒಪ್ಪಿಗೆ ಕೊಡುವ 15ನೇ ನಂಬರಿನ ಮಸೂದೆ ಮತಕ್ಕೆ ಬಂದಾಗ 46-46 ಆಯಿತು. ನಿಮ್ಮ ಒಂದು ಮತದಿಂದ ಅದು ಪಾಸಾಯಿತು. ಬಿದ್ದಿದ್ದರೆ ಚುನಾವಣೆ ಅಂತ ಮುಖ್ಯಮಂತ್ರಿ ಡೇವಿಡ್ ಈಬಿ ಮೊದಲೇ ಹೇಳಿದ್ದರು. ನಿಮ್ಮ ಕಷ್ಟ ಅರ್ಥವಾಗುತ್ತೆ. ಆದರೆ ಆ ಮಸೂದೆಯ ಬಗ್ಗೆ ಮೂಲನಿವಾಸಿ ಸಮುದಾಯಗಳ ಹಲವು ನಾಯಕರು ಹೇಳಿದ್ದು ಒಂದೇ ಮಾತು: ನಮ್ಮನ್ನು ಸರಿಯಾಗಿ ಕೇಳಲೇ ಇಲ್ಲ. 1980ರಲ್ಲಿ ಕೂಲಿಯವರ ಪರವಾಗಿ ನೀವು ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಅಲ್ವಾ? ಟೈ ಆದಾಗ ಸ್ಪೀಕರ್ ಇದ್ದದ್ದನ್ನು ಇದ್ದ ಹಾಗೇ ಬಿಡಬೇಕು, ಚರ್ಚೆ ಮುಂದುವರಿಯಲು ಬಿಡಬೇಕು ಅನ್ನುವ ಹಳೆಯ ವಾಡಿಕೆಯೂ ಒಂದಿದೆ. ಅವತ್ತು ಅದನ್ನು ಬದಿಗಿಟ್ಟಿರಿ. ಸರ್ಕಾರ ಉಳಿಸಲು ವಾಡಿಕೆ ಸಡಿಲಿಸಬಹುದಾದರೆ, ಬೆರಿ ಕುಯ್ಯುವವರಿಗಾಗಿ ಸ್ವಲ್ಪ ಸಡಿಲಿಸಬಾರದೇ ಅಂತ ಕೇಳುವ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಮಸೂದೆ ತನ್ನಿ ಅಂತ ಕೇಳುತ್ತಿಲ್ಲ. ನಿಮ್ಮಿಂದ ಆಗುವಂಥದ್ದೇ ಕೇಳುತ್ತೇನೆ.

ಸಭೆ ನಡೆಯುವುದು ಚಳಿಗಾಲ ಮುಗಿಯುವಾಗಿನಿಂದ ಮೇ ತನಕ, ಮತ್ತೆ ಅಕ್ಟೋಬರ್, ನವೆಂಬರ್. ಬೆರಿ ಕುಯ್ಲು ಜುಲೈ, ಆಗಸ್ಟ್. ಅಂದರೆ ಇವರು ತೋಟದಲ್ಲಿ ಬಗ್ಗಿ ನಿಂತಿರುವ ಹೊತ್ತಿಗೆ ಆ ಕಟ್ಟಡ ಖಾಲಿ. ಆದರೆ ನವೆಂಬರಿನಲ್ಲಿ ಇವರಿಗೆ ಬಿಡುವಿರುತ್ತೆ. ಒಂದು ದಿನ ಒಂದು ಬಸ್ಸಿನಷ್ಟು ಜನರನ್ನು ಕರೆಸಿ. ಸೀಟ್ ಬೆಲ್ಟ್ ಇರುವ ಬಸ್ಸು. ಗ್ಯಾಲರಿಯಲ್ಲಿ ಕೂರಿಸಿ, ಆಮೇಲೆ ನಿಮ್ಮ ಕೋಣೆಗೆ ಕರೆದು ಚಹಾ ಕೊಡಿ. ಕಾರ್ಮಿಕ ಸಚಿವರನ್ನೂ ಕರೆಯಿರಿ, ವಿರೋಧ ಪಕ್ಷದವರನ್ನೂ ಕರೆಯಿರಿ. ನೀವು ಒಂದು ಮಾತೂ ಆಡಬೇಕಾಗಿಲ್ಲ. ಅಜ್ಜಿಯರು ಪಂಜಾಬಿಯಲ್ಲಿ ತಮ್ಮ ತೂಕದ ಚೀಟಿ ಓದಿ ಹೇಳಲಿ, ನೀವು ಇಂಗ್ಲಿಷಿಗೆ ಅನುವಾದ ಮಾಡಿದರೆ ಸಾಕು. ಅನುವಾದ ಮಾಡಿದರೆ ಪಕ್ಷಪಾತ ಅಂತ ಯಾರೂ ಅನ್ನಲಾರರು.

ಇನ್ನೊಂದು. ಒಂದಲ್ಲ ಒಂದು ದಿನ ನೀವು ಆ ಕುರ್ಚಿ ಇಳಿಯುತ್ತೀರಿ. ಇನ್ನೊಂದು ಚುನಾವಣೆಗೆ ನಿಲ್ಲುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಬೀಳ್ಕೊಡುವಾಗ ಎಲ್ಲರೂ ಹೊಗಳುತ್ತಾರೆ. ಮೊದಲ ದಕ್ಷಿಣ ಏಷ್ಯಾದ ಸ್ಪೀಕರ್ ಅಂತ ಹತ್ತು ಸಲ ಹೇಳುತ್ತಾರೆ. ಕೊನೆಗೆ ನಿಮಗೂ ಮಾತಾಡಲು ಬಿಡುತ್ತಾರಲ್ಲ, ಆಗ ಧನ್ಯವಾದಗಳ ಪಟ್ಟಿಗಿಂತ ಮೊದಲು ಆ 15 ಬೆಳೆಗಳ ಹೆಸರು ಒಂದೊಂದಾಗಿ ಓದಿ, ಒಂದೊಂದರ ತೂಕದ ದರವನ್ನೂ ಓದಿ. ಅವತ್ತು ಯಾವ ದಿನ ಅಂತ ಒಂದು ವಾರ ಮುಂಚೆ ತಿಳಿಸಿ ಸಾಕು. ಫೆರ್ರಿ ಟಿಕೆಟ್ ನನ್ನದೇ ಖರ್ಚು, ಗ್ಯಾಲರಿಯಲ್ಲಿ ಕೂತು ಕೇಳುತ್ತೇನೆ. ಅಪ್ಪನಿಗೆ ಈಗ ಕಿವಿ ಮಂದ. ಅವರಿಗೆ ಫೋನಿನಲ್ಲಿ ಜೋರಾಗಿ ಹೇಳಬೇಕು.

ಇಂತಿ ನಿಮ್ಮ ವಿಶ್ವಾಸಿ,
ಬರ್ನಬಿಯ ಒಬ್ಬ ಮತದಾರ