ಅಡುಗೆಮನೆಯ ಮಾತು ಸ್ಟೇಜ್ ಹತ್ತಿದಾಗ

ಬಳಗದ ಬಂಧುಗಳಿಗೆಲ್ಲ ನಮಸ್ಕಾರ.

ದೀಪಾವಳಿ ಕಾರ್ಯಕ್ರಮ ಮುಗಿದು ಇಷ್ಟು ದಿನ ಆದರೂ ಒಂದು ವಿಷಯ ತಲೆಯಿಂದ ಹೋಗಿಲ್ಲ. ಅವತ್ತು ಊಟಕ್ಕೆ ಮುಂಚೆ ನಮ್ಮ ಬಳಗದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಐದು ನಿಮಿಷ ಸ್ಟೇಜ್ ಮೇಲೆ ನಿಂತು ತನ್ನ ಅಮ್ಮನ ಥರ ಮಾತಾಡಿದಳಲ್ಲ, ಅದು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿ ಇಲ್ಲದ ಸೌಟು ಆಡಿಸುತ್ತಾ, ಅರ್ಧ ಹಾಸನದ ಕನ್ನಡ, ಅರ್ಧ ಗ್ಲಾಸ್ಗೋ ಇಂಗ್ಲಿಷ್. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಊಟದ ಸಾಲಿನಲ್ಲಿ ಇಬ್ಬರು ಹಿರಿಯರು ನನ್ನ ಹತ್ತಿರ ಬಂದು, "ಮಗು ಅಷ್ಟು ಚೆನ್ನಾಗಿ ಭರತನಾಟ್ಯ ಕಲ್ತಿದೆ, ಅದನ್ನೇ ಮಾಡಿಸಬಹುದಿತ್ತು. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕಮ್ಮ?" ಅಂದರು. ಪ್ರೀತಿಯಿಂದಲೇ ಕೇಳಿದರು. ಆದರೆ ಪಲ್ಯ ಬಡಿಸಿಕೊಳ್ಳುತ್ತಾ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಬಂದು ನೆಲೆಸಿರುವ ಈ ಸ್ಕಾಟ್ಲೆಂಡಿನ ಹೆಂಗಸರು ನೂರು ವರ್ಷದಿಂದ ಬ್ರಿಟನ್ನನ್ನು ನಗಿಸುತ್ತಿದ್ದಾರೆ. ಆದರೆ ಹೆಂಗಸರಾಗಿಯೇ ನಿಂತು ನಗಿಸುವುದಕ್ಕೆ ಬಹಳ ಕಾಲ ಜಾಗ ಇರಲಿಲ್ಲ. 1920ರ ದಶಕದಲ್ಲಿ ಹೂಸ್ಟನ್ ಸಿಸ್ಟರ್ಸ್ ಅಂತ ಅಕ್ಕ-ತಂಗಿ ಜೋಡಿ ಒಂದು ಹೆಸರು ಮಾಡಿತ್ತು. ಅಕ್ಕ ರೆನೆ, ತಂಗಿ ಬಿಲ್ಲಿ. ಇಬ್ಬರೂ ಮಕ್ಕಳ ಥರ ಆಡುತ್ತಿದ್ದರು, ಬಿಲ್ಲಿಯದು ಹುಡುಗನ ವೇಷ. ಎಷ್ಟೋ ದಶಕ ಕಳೆದು ಕ್ರ್ಯಾಂಕೀಸ್ ಅನ್ನೋ ಗಂಡ-ಹೆಂಡತಿ ಹಾಸ್ಯ ಜೋಡಿ ಬಂದಾಗಲೂ ಅದೇ ಕಥೆ, ಜಾನೆಟ್ ಟಫ್ ಶಾಲೆ ಹುಡುಗನ ಟೋಪಿ ಹಾಕಿಕೊಂಡು 'ವೀ ಜಿಮ್ಮಿ', ಅಂದರೆ ಪುಟ್ಟ ಜಿಮ್ಮಿ ಆದರು, ಪಕ್ಕದಲ್ಲಿ ದೊಡ್ಡವರಾಗಿ ಬುದ್ಧಿ ಹೇಳುತ್ತಿದ್ದದ್ದು ಅವರ ಗಂಡ ಇಯಾನ್. ಅದ್ಭುತ ಕಲಾವಿದೆ, ಅದರಲ್ಲಿ ಎರಡು ಮಾತಿಲ್ಲ.

ಹುಡುಗನ ವೇಷ ಇಲ್ಲದಿದ್ದರೆ ಮನೆಕೆಲಸದವಳ ಪಾತ್ರ. ಇಲ್ಲಿ ನನಗೆ ಮೋಲಿ ವಿಯರ್ ನೆನಪಾಗುತ್ತಾರೆ. 1910ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ರೈಲು ಎಂಜಿನ್ ಕಾರ್ಖಾನೆಗಳ ಸ್ಪ್ರಿಂಗ್‌ಬರ್ನ್‌ನಲ್ಲಿ ಬೆಳೆದವರು. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು, ಅಮ್ಮ ಕಾರ್ಖಾನೆಗೆ ಹೋಗುತ್ತಿದ್ದರು, ಮಕ್ಕಳನ್ನು ನೋಡಿಕೊಂಡದ್ದು ಅಜ್ಜಿ. ಬಿಬಿಸಿ ರೇಡಿಯೋಗೆ ಬಂದ ಮೇಲೆ ಇವರಿಗೆ ಸಿಕ್ಕ ದೊಡ್ಡ ಹೆಸರು 'ಲೈಫ್ ವಿತ್ ದ ಲಯನ್ಸ್' ಕಾರ್ಯಕ್ರಮದ ಆಗ್ಗಿ ಅನ್ನೋ ಪಾತ್ರದಿಂದ. ಲಂಡನ್ನಿನಲ್ಲಿರುವ ಅಮೆರಿಕನ್ ಕುಟುಂಬ, ಅವರ ಮನೆಯಲ್ಲಿ ಸ್ಕಾಟಿಷ್ ಕೆಲಸದವಳು ಆಗ್ಗಿ. ಆ ಕಾಲದ ಲಂಡನ್ನಿಗೆ ಗ್ಲಾಸ್ಗೋ ಹೆಂಗಸಿನ ದನಿ ಅಂದರೆ ಬಾಗಿಲು ತೆಗೆಯೋಳ ದನಿ. ಇದೇ ಮೋಲಿ 1970ರಲ್ಲಿ ತನ್ನ ಬಾಲ್ಯದ ಬಗ್ಗೆ ಪುಸ್ತಕ ಬರೆದರು, ಹೆಸರು 'ಶೂಸ್ ವರ್ ಫಾರ್ ಸಂಡೇ'. ಶೂ ಏನಿದ್ದರೂ ಭಾನುವಾರಕ್ಕೆ! ಆ ಹೆಸರೊಂದೇ ಸಾಕು, ಆ ಮನೆ ಹೇಗಿತ್ತು ಅಂತ ಕಣ್ಣಿಗೆ ಕಟ್ಟುತ್ತದೆ. ಆಗ್ಗಿಗೆ ಎಷ್ಟು ಕಥೆ ಗೊತ್ತಿತ್ತು ನೋಡಿ, ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

ಕೇಳಿದ್ದು 1987ರಲ್ಲಿ, 'ದ ಸ್ಟೀಮಿ' ನಾಟಕ ಬಂದಾಗ. ಸ್ಟೀಮಿ ಅಂದರೆ ಬಟ್ಟೆ ಒಗೆಯುವ ಸಾರ್ವಜನಿಕ ಮನೆ. ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಇದ್ದ ಕಾಲದಲ್ಲಿ ಗ್ಲಾಸ್ಗೋ ಹೆಂಗಸರು ಮೈಲಿಗೆ ಬಟ್ಟೆಯನ್ನೆಲ್ಲ ಹಳೇ ಪ್ರಾಮ್‌ಗೆ, ಅಂದರೆ ಮಗುವಿನ ತಳ್ಳುಗಾಡಿಗೆ ತುಂಬಿ, ತಳ್ಳಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ನಾನು ಮೊದಲು ಇದ್ದ ಮನೆಯ ಕೆಳಗಡೆ ಒಬ್ಬ ಅಜ್ಜಿ ಇದ್ದರು, ಎಂಬತ್ತು ದಾಟಿತ್ತು. ನಾನು ಬಾಲ್ಕನಿಯಲ್ಲಿ ಸೀರೆ ಒಣಗಿಸೋದು ನೋಡಿ ಒಂದು ದಿನ ಮಾತಿಗೆ ಕೂತರು. ಹಿಂಡಿ ಹಿಂಡಿ ಗಂಟುಗಟ್ಟಿದ ತಮ್ಮ ಬೆರಳು ತೋರಿಸಿ, ಕೈ ನೋಯುತ್ತಿತ್ತು, ಆದರೆ ಒಂದು ವಾರವೂ ತಪ್ಪಿಸುತ್ತಿರಲಿಲ್ಲ, ಊರಿನ ಸುದ್ದಿ ಎಲ್ಲ ಸಿಗುತ್ತಿದ್ದದ್ದು ಅಲ್ಲೇ ಅಂದರು. ಕೆರೆ ದಂಡೆಯ ಒಗೆಯೋ ಕಲ್ಲು ನೋಡಿ ಬೆಳೆದವಳು ನಾನು, ತಟ್ಟಂತ ಅರ್ಥ ಆಯ್ತು. ಈಗಲೂ ಇಲ್ಲಿನವರು ಊರೆಲ್ಲ ಆಡಿಕೊಳ್ಳುವ ವಿಷಯಕ್ಕೆ 'ಟಾಕ್ ಆಫ್ ದ ಸ್ಟೀಮಿ' ಅನ್ನುತ್ತಾರೆ.

ಆ ನಾಟಕದಲ್ಲಿ ನಾಲ್ಕು ಜನ ಹೆಂಗಸರು, 1950ರ ದಶಕದ ಹಾಗ್ಮನೆ ದಿನ, ಅಂದರೆ ಡಿಸೆಂಬರ್ 31, ಹೊಸ ವರ್ಷಕ್ಕೆ ಮುಂಚೆ ಬಟ್ಟೆ ಒಗೆದು ಮುಗಿಸುತ್ತಿದ್ದಾರೆ. ಅಷ್ಟೇ ಕಥೆ. ವಯಸ್ಸಾದ ಮಿಸೆಸ್ ಕಲ್‌ಫೆದರ್ಸ್ ಒಂದು ಅಂಗಡಿಯ ಖೀಮಾ ಬಗ್ಗೆ ಹೇಳುತ್ತಾರೆ, ಹೇಳುತ್ತಲೇ ಇರುತ್ತಾರೆ, ಗಂಡನಿಗೆ ಅದು ಎಷ್ಟು ಇಷ್ಟ ಅಂತ. ಆ ಮಾತಿನಲ್ಲಿ ಒಂದು ಜೋಕೂ ಇಲ್ಲ, ಆದರೂ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇನ್ನೊಂದು ಕಡೆ ಮಾರ್ಗ್ರಿಟ್ ಹೆಣ್ಣಾಗಿರೋದು ಎಂಥ ಸೊಗಸು ಅಂತ ಶುರು ಮಾಡಿ ಬೆಳಿಗ್ಗೆಯಿಂದ ರಾತ್ರಿವರೆಗಿನ ತನ್ನ ಕೆಲಸವನ್ನೆಲ್ಲ ಹೇಳುತ್ತಾ ಹೋಗುತ್ತಾಳೆ. ಆ ಮಾರ್ಗ್ರಿಟ್ ಪಾತ್ರ ಮಾಡಿದ್ದು ಡೊರೊಥಿ ಪಾಲ್. ಜೊತೆಗೆ ಎಲೇನ್ ಸಿ. ಸ್ಮಿತ್ ಇದ್ದರು, ಮುಂದೆ 'ರ್ಯಾಬ್ ಸಿ. ನೆಸ್ಬಿಟ್' ಸರಣಿಯಲ್ಲಿ ಕುಡುಕ ಗಂಡನ ಜೊತೆ ಏಗುವ ಮೇರಿ ಡಾಲ್ ಆದವರು. 2019ರ ಡಿಸೆಂಬರಿನಲ್ಲಿ ಈ ನಾಟಕ ನಮ್ಮ ಗ್ಲಾಸ್ಗೋದ ದೊಡ್ಡ ಸಭಾಂಗಣ ಹೈಡ್ರೋದಲ್ಲೇ ಆಯಿತು. ದೊಡ್ಡ ದೊಡ್ಡ ಬ್ಯಾಂಡ್‌ಗಳು ಹಾಡುವ ಜಾಗದಲ್ಲಿ ನಾಲ್ಕು ತೊಟ್ಟಿ, ನಾಲ್ಕು ಹೆಂಗಸರು.

ಒಂದು ಮಾತು ಹೇಳಲೇಬೇಕು. 'ಸ್ಟೀಮಿ' ಬರೆದದ್ದು ಟೋನಿ ರೋಪರ್, ನೆಸ್ಬಿಟ್ ಬರೆದದ್ದು ಇಯಾನ್ ಪ್ಯಾಟಿಸನ್. ಇಬ್ಬರೂ ಗಂಡಸರು. ಚೆನ್ನಾಗಿಯೇ ಬರೆದರು, ಆದರೆ ಹೆಂಗಸು ತನ್ನ ಮಾತನ್ನು ತಾನೇ ಕಟ್ಟಿಕೊಂಡು ಬಂದದ್ದು ಜಾಸ್ತಿಯಾಗಿ ಸ್ಟ್ಯಾಂಡಪ್‌ನಲ್ಲಿ. 1992ರಲ್ಲಿ ಎಡಿನ್‌ಬರೋದ ಹೊಸಬರ ಸ್ಪರ್ಧೆ ಗೆದ್ದ ರೋನಾ ಕ್ಯಾಮರಾನ್, ವಕೀಲಿಕೆ ಬಿಟ್ಟು ಬಂದ ಸೂಸನ್ ಕ್ಯಾಲ್ಮನ್, ಈಗ ಬಾತ್‌ಗೇಟ್‌ನ ಫರ್ನ್ ಬ್ರೇಡಿ. ದೊಡ್ಡವಳಾದ ಮೇಲೆ ತನಗೆ ಆಟಿಸಂ ಇದೆ ಅಂತ ಗೊತ್ತಾದದ್ದನ್ನು ಬ್ರೇಡಿ ಎಷ್ಟು ನೇರವಾಗಿ ಬರೆದಿದ್ದಾರೆ ಅಂದರೆ, ಮಗಳನ್ನು ಬೆಳೆಸುತ್ತಿರುವ ಎಲ್ಲರೂ ಓದಬೇಕು.

ಆದರೆ ನನ್ನ ಮನಸ್ಸಿಗೆ ತುಂಬ ಹತ್ತಿರದವರು ಜೇನಿ ಗಾಡ್ಲಿ. ಗ್ಲಾಸ್ಗೋದ ಪೂರ್ವ ಭಾಗದ ಬಡತನದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಯಾರೂ ಅನುಭವಿಸಬಾರದ್ದನ್ನೆಲ್ಲ ಅನುಭವಿಸಿ, ಗಂಡನ ಜೊತೆ ವರ್ಷಗಟ್ಟಲೆ ಪಬ್ ನಡೆಸಿ, ಆಮೇಲೆ ಮೈಕ್ ಹಿಡಿದವರು. 2020 ನಿಮಗೆ ನೆನಪಿದೆ ಅಲ್ವಾ? ಊರಿಗೆ ಹೋಗುವಂತಿಲ್ಲ, ಬೆಂಗಳೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ, ದಿನಾ ಮಧ್ಯಾಹ್ನ ಟಿವಿ ಮುಂದೆ ಕೂತು ಆಗಿನ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ, ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಕೋವಿಡ್ ಲೆಕ್ಕ ಓದೋದನ್ನು ಕೇಳುತ್ತಿದ್ದೆವು. ಸಂಜೆ ಫೋನಿಗೆ ಗಾಡ್ಲಿಯ ವಿಡಿಯೋ ಬರುತ್ತಿತ್ತು. ಚಿತ್ರ ಅದೇ, ಫಸ್ಟ್ ಮಿನಿಸ್ಟರ್ ಅವರೇ, ದನಿ ಮಾತ್ರ ಮೆಟ್ಟಿಲ ಹತ್ತಿರ ನಿಂತು ಬೀದಿಯವರಿಗೆಲ್ಲ ಗದರುವ ಗ್ಲಾಸ್ಗೋ ಹೆಂಗಸಿನದು. ಮನೇಲಿ ಬಿದ್ದಿರ್ರೋ ಅಂತ ಬೈದು, ಕೊನೆಗೆ "ಫ್ರ್ಯಾಂಕ್, ಬಾಗಿಲು ತೆಗಿ" ಅಂತ ಹೇಳಿ ಎದ್ದು ಹೋಗೋದು. ಆಗ್ಗಿಯ ದನಿಯೇ ಅದು. ಈಗ ಬಾಗಿಲು ತೆಗೆಯಬೇಕಾದವನು ಫ್ರ್ಯಾಂಕ್! ಸ್ವತಃ ಸ್ಟರ್ಜನ್ ಕೂಡ ಅದನ್ನು ಮೆಚ್ಚಿದರು. ಆ ತಿಂಗಳುಗಳಲ್ಲಿ ನನ್ನ ಮನೆಯಲ್ಲಿ ನಗು ಅಂತ ಕೇಳಿಸಿದ್ದರೆ ಅದು ಇವರಿಂದ.

ಗಾಡ್ಲಿಯಿಂದ ತಪ್ಪೂ ಆಗಿದೆ. ಜನಾಂಗದ ಬಗ್ಗೆ ಹಿಂದೆ ಬರೆದಿದ್ದ ಕೆಟ್ಟ ಟ್ವೀಟ್‌ಗಳು 2021ರಲ್ಲಿ ಹೊರಬಂದವು. ನಮ್ಮಂಥವರಿಗೆ ಅದು ಚುಚ್ಚುವ ವಿಷಯವೇ. ಅವರು ಕ್ಷಮೆ ಕೇಳಿದರು, ನಾನು ಒಪ್ಪಿಕೊಂಡೆ. ಅದೇ ವರ್ಷ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆಯ ನಡುವೆಯೂ 'ನಾಟ್ ಡೆಡ್ ಯೆಟ್' ಅಂತ ಹೆಸರಿಟ್ಟುಕೊಂಡು ಊರೂರು ಸುತ್ತಿದರು. 2024ರ ನವೆಂಬರ್ 2ರಂದು ತೀರಿಕೊಂಡರು. ಮಗಳು ಆ್ಯಶ್ಲಿ ಸ್ಟೋರಿ ಕೂಡ ಕಾಮಿಡಿಯನ್.

ನಮ್ಮ ಹುಡುಗಿಗೆ ಇವರ ಹೆಸರು ಗೊತ್ತಿರಲಿಲ್ಲ. ಹೋದ ವಾರ ಫೋನ್ ಮಾಡಿ ಹೇಳಿದೆ, ವಿಡಿಯೋಗಳನ್ನೂ ಕಳಿಸಿದೆ. ಯುಗಾದಿ ಕಾರ್ಯಕ್ರಮದಲ್ಲಿ ಅವಳಿಗೆ ಹತ್ತು ನಿಮಿಷ ಇಟ್ಟಿದ್ದೇವೆ, ಭರತನಾಟ್ಯಕ್ಕೂ ಬೇರೆ ಸಮಯ ಇದೆ. ಈ ಸಲ ಅಜ್ಜಿಯನ್ನೂ ಸೇರಿಸುತ್ತಾಳಂತೆ. ಅಜ್ಜಿ ಹಾಸನದಿಂದ ಆ ಹೊತ್ತಿಗೆ ಬಂದಿರುತ್ತಾರೆ, ಮುಂದಿನ ಸಾಲಿನಲ್ಲೇ ಕೂರಿಸಿ ಅಂತ ಅಮ್ಮ ಹೇಳಿದ್ದಾರೆ.