ಕಚೇರಿಯ ಕಾಟ: ಠಾಣೆಗೆ ಓಡುವ ಮುನ್ನ ತಟ್ಟಬೇಕಾದ ಬಾಗಿಲು

ಮಾನ್ಯ ಸಂಪಾದಕರೇ,

ಮೇಲಧಿಕಾರಿಯ ಕಾಟ ತಾಳಲಾರದೆ ಯಾರೋ ಕೆಲಸ ಬಿಟ್ಟರು ಎಂಬ ಸುದ್ದಿ ಬಂದಾಗಲೆಲ್ಲ 'ಇದಕ್ಕೊಂದು ಕಾನೂನು ಇಲ್ಲವೇ' ಎಂಬ ಮಾತು ಏಳುತ್ತದೆ. ಇಲ್ಲ, ಕೆಲಸದ ಜಾಗದ ಕಾಟಕ್ಕೆಂದೇ ಇರುವ ಕಾನೂನು ನಮ್ಮಲ್ಲಿಲ್ಲ. ಸ್ವೀಡನ್ 1993ರಲ್ಲೇ ನಿಯಮ ಮಾಡಿತು, ಫ್ರಾನ್ಸ್ 2002ರಲ್ಲಿ. ಜಪಾನ್, ದಕ್ಷಿಣ ಕೊರಿಯಾಗಳೂ ಕಾನೂನು ತಂದವು. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ತಂದ 190ನೇ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಆದರೂ ನೊಂದವರು ಬರಿಗೈಯಲ್ಲಿ ಮರಳುವುದಕ್ಕೆ ಇದೊಂದೇ ಕಾರಣವಲ್ಲ. ಬಹಳಷ್ಟು ಸಲ ಅವರು ತಟ್ಟಿದ ಬಾಗಿಲೇ ಬೇರೆಯದಾಗಿರುತ್ತದೆ.

ಮೊದಲು ಓಡುವುದು ಪೊಲೀಸ್ ಠಾಣೆಗೆ. ಬೈದು ಅವಮಾನ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಂ ಇದೆ, ನಿಜ. ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕೈಗೊಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಚೀಟಿ ಕೊಟ್ಟು ಕಳಿಸುತ್ತಾರೆ. ಮೇಲಾಗಿ, ಕೆಲಸದ ವಿಷಯಕ್ಕೆ ಹಿರಿಯ ಅಧಿಕಾರಿ ಗದರಿದ್ದನ್ನೆಲ್ಲ ಉದ್ದೇಶಪೂರ್ವಕ ಅವಮಾನದ ಅಪರಾಧ ಎನ್ನಲಾಗದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಆದರೆ ಅಲ್ಲಿಯೂ ಬೈಗುಳ 'ಸಾರ್ವಜನಿಕರ ಕಣ್ಣೆದುರು' ನಡೆದಿರಬೇಕು. ಬಾಗಿಲು ಹಾಕಿದ ಚೇಂಬರಿನೊಳಗಿನ ಮಾತು ಈ ಅಂಶದ ಮೇಲೆಯೇ ಬಿದ್ದುಹೋಗುತ್ತದೆ. ಹಾಗಾಗಿ ಏನೆಂದರು ಎನ್ನುವಷ್ಟೇ ಮುಖ್ಯ, ಆಗ ಅಲ್ಲಿ ಯಾರ್‍ಯಾರಿದ್ದರು ಎನ್ನುವುದು.

ಎರಡನೆಯ ಬಾಗಿಲು, ಲೈಂಗಿಕ ಕಿರುಕುಳದ ಆಂತರಿಕ ಸಮಿತಿ. 10 ಅಥವಾ ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯಂತೆ ಅದು ಇರಲೇಬೇಕು. ಬರೀ ದಬ್ಬಾಳಿಕೆಯ ದೂರನ್ನು ಅಲ್ಲಿಗೆ ಒಯ್ದರೆ 'ನಮ್ಮ ವ್ಯಾಪ್ತಿಯಲ್ಲ' ಎಂದು ಮುಚ್ಚುತ್ತಾರೆ, ಅದು ಸರಿಯೂ ಹೌದು. ಆದರೆ ಮೇಲಧಿಕಾರಿಯ ಲೈಂಗಿಕ ಬೇಡಿಕೆಗೆ ಮಹಿಳೆ 'ಬೇಡ' ಎಂದ ಮೇಲೆ ಕೆಲಸ ಕಿತ್ತುಕೊಂಡರು, ರೇಟಿಂಗ್ ಇಳಿಸಿದರು, ಎಲ್ಲರೆದುರು ಹೀಯಾಳಿಸತೊಡಗಿದರು ಎಂದಾದರೆ ಅದು 3ನೇ ಕಲಮಿನ ಒಳಗೇ ಬರುತ್ತದೆ. ಕೆಲಸಕ್ಕೆ ಕುತ್ತು ತರುವ ಬೆದರಿಕೆ, ಹಗೆತನದ ವಾತಾವರಣ, ಆರೋಗ್ಯ ಕೆಡಿಸುವಂಥ ಅವಮಾನ ಎಲ್ಲವೂ ಅಲ್ಲಿ ಬರೆದಿವೆ. ದೂರು ಬರೆಯುವಾಗ ಆ ಮೊದಲ ಘಟನೆಯನ್ನು ನಾಚಿಕೆಯಿಂದ ಬಿಟ್ಟು, ನಂತರದ ಕಾಟವನ್ನಷ್ಟೇ ಬರೆಯುವುದರಿಂದಲೇ ಎಷ್ಟೋ ದೂರು ನೆಲಕಚ್ಚುತ್ತವೆ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

ಮೂರನೆಯ ಬಾಗಿಲನ್ನು ತಟ್ಟುವವರೇ ಕಡಿಮೆ. ಅದು ಕುಂದುಕೊರತೆ ನಿವಾರಣಾ ಸಮಿತಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 4ನೇ ಕಲಂ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಇದು ಕಡ್ಡಾಯ. ಸದಸ್ಯರು 10ಕ್ಕೆ ಮೀರಬಾರದು, ಮಾಲೀಕರ ಕಡೆಯವರು ಮತ್ತು ಕಾರ್ಮಿಕರ ಕಡೆಯವರು ಸಮಸಮ, ಮಹಿಳೆಯರು ಅವರ ಸಂಖ್ಯೆಗೆ ತಕ್ಕಷ್ಟು. ಅಧ್ಯಕ್ಷಗಿರಿ ವರ್ಷಕ್ಕೊಮ್ಮೆ ಆ ಕಡೆಗೂ ಈ ಕಡೆಗೂ ಸರದಿ. ತೊಂದರೆಯಾದ 1 ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿ 30 ದಿನದಲ್ಲಿ ಮುಗಿಸಬೇಕು. ಕಾರ್ಮಿಕ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಸಿಗದಿದ್ದರೆ ತೀರ್ಮಾನವೇ ಆಗಿಲ್ಲವೆಂದು ಲೆಕ್ಕ. ಆಗ, ಅಥವಾ ತೀರ್ಮಾನ ಒಪ್ಪಿಗೆಯಾಗದಿದ್ದರೆ, 60 ದಿನದೊಳಗೆ ತಾನು ಸದಸ್ಯನಾಗಿರುವ ಕಾರ್ಮಿಕ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಸಂಘದಲ್ಲಿ ಇಲ್ಲದವರು ಎಡವುವುದು ಇಲ್ಲೇ.

ಐ.ಟಿ.ಯವರು 'ಇದೆಲ್ಲ ಫ್ಯಾಕ್ಟರಿಯವರಿಗೆ' ಎಂದುಕೊಂಡಿದ್ದಾರೆ. ಕರ್ನಾಟಕದಲ್ಲಿ ಐ.ಟಿ. ಕಂಪನಿಗಳಿಗೆ ಸ್ಥಾಯಿ ಆದೇಶಗಳಿಂದ (ಕೆಲಸದ ಷರತ್ತು, ಶಿಸ್ತಿನ ಲಿಖಿತ ನಿಯಮಗಳಿಂದ) ಕೊಟ್ಟಿದ್ದ ವಿನಾಯಿತಿಯನ್ನು 2024ರ ಜೂನ್‌ನಲ್ಲಿ ಮತ್ತೆ 5 ವರ್ಷ ಮುಂದುವರಿಸಿದಾಗಲೂ ಎರಡೂ ಕಡೆಯವರು ಸಮವಾಗಿರುವ ಕುಂದುಕೊರತೆ ಸಮಿತಿ ರಚಿಸಬೇಕೆಂಬುದು ಷರತ್ತಾಗಿತ್ತು. ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದೂ ಷರತ್ತೇ. ಇನ್ನೊಂದು ತಪ್ಪು ತಿಳಿವಳಿಕೆ ಸಂಬಳದ್ದು. ಈ ಸಂಹಿತೆಯಡಿ 'ಕಾರ್ಮಿಕ' ಎನಿಸಿಕೊಳ್ಳಲು ತಿಂಗಳಿಗೆ 18,000 ರೂಪಾಯಿಯ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ. ತಾಂತ್ರಿಕ ಕೆಲಸ ಮಾಡುವವರಿಗೆ ಸಂಬಳದ ಮಿತಿಯೇ ಇಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ 'ಮ್ಯಾನೇಜರ್' ಎಂದಿದ್ದರೂ ಕೈಯಲ್ಲಿ ಮಾಡುವ ಕೆಲಸ ಯಾವುದು ಎಂಬುದನ್ನೇ ನ್ಯಾಯಾಲಯ ನೋಡುತ್ತದೆ. ನಿಜಕ್ಕೂ ಆಡಳಿತದ ಹುದ್ದೆಯಲ್ಲಿರುವವರಿಗೆ ಮತ್ತು ಆ ಮಿತಿ ಮೀರಿದ ಸಂಬಳದ ಮೇಲ್ವಿಚಾರಕರಿಗೆ ಮಾತ್ರ ಈ ಬಾಗಿಲು ಮುಚ್ಚಿದೆ. ಅವರಿಗೆ ಉಳಿಯುವುದು ಕಂಪನಿಯ ಸ್ವಂತ ನಿಯಮ ಮತ್ತು ಸಿವಿಲ್ ಕೋರ್ಟ್.

ಇನ್ನು ಅರ್ಜಿಯ ಮಾತು. 'ನನ್ನ ಮ್ಯಾನೇಜರ್ ನಿರಂತರ ಮಾನಸಿಕ ಹಿಂಸೆ ಕೊಡುತ್ತಿದ್ದಾರೆ' ಎಂಬ ಸಾಲಿನ ಮೇಲೆ ಯಾವ ಸಮಿತಿಯೂ ವಿಚಾರಣೆ ನಡೆಸಲಾರದು. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: 'ಮಾರ್ಚ್ 12, ಸಂಜೆ 4.20, ಎರಡನೇ ಮಹಡಿಯ ಮೀಟಿಂಗ್ ರೂಮ್, ಆರು ಜನ ಇದ್ದರು. "ನಿನಗೆ ಸಂಬಳ ಕೊಡೋದೇ ದಂಡ, ಊರಿಗೆ ಹೋಗಿ ದನ ಕಾಯಿ" ಎಂದರು. ಮರುದಿನ ಬೆಳಿಗ್ಗೆ ಪ್ರಾಜೆಕ್ಟ್ ಗುಂಪಿನಿಂದ ನನ್ನನ್ನು ತೆಗೆದರು. ಸಂಜೆಯ ಮೀಟಿಂಗಿನಲ್ಲಿ ಆ ಗುಂಪಿನಲ್ಲಿ ಬಂದ ಮಾಹಿತಿ ಗೊತ್ತಿಲ್ಲವೆಂದು ಮತ್ತೆ ಬೈದರು.' ಬೈದ ಮಾತು ಇದ್ದ ಹಾಗೇ ಇರಲಿ, ಅದನ್ನು ಸಭ್ಯ ಕನ್ನಡಕ್ಕೆ ತಿದ್ದಬೇಡಿ. ಇಂಥ ನಾಲ್ಕೈದು ದಿನಗಳು ಸಾಲಾಗಿ ಬಂದರೆ ಅದು ಮುಂಗೋಪವಲ್ಲ, ಪದ್ಧತಿ ಎಂಬುದು ತಾನಾಗಿ ಕಾಣುತ್ತದೆ. ಜತೆಗೆ ಏನು ಬೇಕೆಂದೂ ಕೇಳಿ: ರಿಪೋರ್ಟಿಂಗ್ ಬದಲಾವಣೆ, ರೇಟಿಂಗ್‌ನ ಮರುಪರಿಶೀಲನೆ, ಲಿಖಿತ ಎಚ್ಚರಿಕೆ. 'ನ್ಯಾಯ ಕೊಡಿಸಿ' ಎಂದರೆ ಅವರಿಗೂ ಏನು ಕೊಡಬೇಕೆಂದು ತಿಳಿಯದು.

ಸಾಕ್ಷ್ಯ ಕೂಡಿಡುವಾಗ ಆಗುವ ದೊಡ್ಡ ಅನಾಹುತವೊಂದಿದೆ. ಗಾಬರಿಯಲ್ಲಿ ಆಫೀಸಿನ ಮೇಲ್‌ಗಳನ್ನೆಲ್ಲ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುತ್ತಾರೆ. ಮರುವಾರ ದೂರಿನ ವಿಚಾರಣೆ ಬದಲು ಅವರ ಮೇಲೆಯೇ ದತ್ತಾಂಶ ಕಳವಿನ ನೋಟಿಸ್ ಬಂದಿರುತ್ತದೆ. ಹಾಗೆ ಮಾಡುವ ಬದಲು ಮೇಲ್‌ನ ದಿನಾಂಕ, ಸಮಯ, ವಿಷಯದ ಸಾಲನ್ನು ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂಲ ಪ್ರತಿಯನ್ನು ಹಾಜರುಪಡಿಸುವಂತೆ ಮುಂದೆ ಕೇಳಬಹುದು. ಸ್ವಂತ ಫೋನಿಗೆ ಬಂದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಸಾಧ್ಯವಾದರೆ ಫೋನನ್ನೂ ಮಾರಬೇಡಿ. ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕು, ಬರೀ ಸ್ಕ್ರೀನ್‌ಶಾಟ್ ಸಾಲದು. ನಿದ್ದೆ ಕೆಟ್ಟು ವೈದ್ಯರ ಬಳಿ ಹೋದರೆ ಕಾರಣವನ್ನೂ ಹೇಳಿ, ಚೀಟಿಯಲ್ಲಿ ಬರೆಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ರಾಜೀನಾಮೆ ಪತ್ರದಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದುಕೊಟ್ಟವರ ಪ್ರಕರಣ ಅಲ್ಲಿಗೇ ಅರ್ಧ ಮುಗಿಯಿತು. ಕೋಣೆಯಲ್ಲಿ ಕೂರಿಸಿ ಬರೆಸಿಕೊಂಡಿದ್ದರೆ ಅಂದೇ ರಾತ್ರಿ ಮೇಲ್ ಮಾಡಿ, 'ಒತ್ತಡದಿಂದ ಬರೆದದ್ದು, ಹಿಂಪಡೆಯುತ್ತಿದ್ದೇನೆ' ಎಂದು. ಮುಂದಿನ ದಿನಾಂಕದಿಂದ ಜಾರಿಯಾಗುವ ರಾಜೀನಾಮೆಯನ್ನು ಆ ದಿನಾಂಕದೊಳಗೆ ಹಿಂಪಡೆಯಬಹುದೆಂಬುದು ಹಳೆಯ, ಗಟ್ಟಿಯಾದ ತತ್ವ. ಮೂರು ದಿನ ಯೋಚಿಸುತ್ತ ಕೂತರೆ ಅಷ್ಟರಲ್ಲಿ ಅಂಗೀಕಾರದ ಮೇಲ್ ಬಂದಿರುತ್ತದೆ, ವಾದವೂ ಸಡಿಲವಾಗುತ್ತದೆ.

ಕಂಪನಿಗಳಿಗೂ ಒಂದು ಮಾತು. ದೂರು ಬಂದೊಡನೆ ಎಚ್‌ಆರ್ ಮಾಡುವ ಮೊದಲ ಕೆಲಸ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ 'ಮಾತಾಡಿ ಬಗೆಹರಿಸಿಕೊಳ್ಳಿ' ಎನ್ನುವುದು. ಒಬ್ಬರ ಬಡ್ತಿ ಇನ್ನೊಬ್ಬರ ಕೈಯಲ್ಲಿರುವಾಗ ಅದು ಸಂಧಾನ ಹೇಗಾದೀತು? ಎರಡನೆಯದು, ದೂರು ಕೊಟ್ಟವರನ್ನೇ ಬೇರೆ ಟೀಮಿಗೆ ಹಾಕುವುದು. ಉಳಿದವರಿಗೆ ಅದು ಶಿಕ್ಷೆಯಂತೆಯೇ ಕಾಣುತ್ತದೆ. ಮೂರನೆಯದು, ದೂರಿನ ಬೆನ್ನಲ್ಲೇ ಪಿಐಪಿ, ಅಂದರೆ 'ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ' ಎಂಬ ಗಡುವು. ಕೆಲಸ ನಿಜವಾಗಿ ಕಳಪೆಯಾಗಿದ್ದರೆ ದೂರಿಗೆ ಮೊದಲೇ ಅದರ ದಾಖಲೆ ಇರಬೇಕಿತ್ತಲ್ಲ. ಗದರಿಕೆಗೂ ಕಾಟಕ್ಕೂ ಗೆರೆ ಎಳೆಯುವುದು ಕಷ್ಟ ಎನ್ನುವವರು ಆಸ್ಟ್ರೇಲಿಯಾದ ಕಾನೂನು ನೋಡಲಿ. ಪದೇ ಪದೇ ನಡೆಯುವ, ವಿವೇಕಕ್ಕೆ ಸಲ್ಲದ, ಆರೋಗ್ಯಕ್ಕೆ ಅಪಾಯ ತರುವ ನಡವಳಿಕೆ ಕಿರುಕುಳ. ಸರಿಯಾದ ರೀತಿಯಲ್ಲಿ ಕೈಗೊಂಡ ಆಡಳಿತ ಕ್ರಮ ಅದರಲ್ಲಿ ಬರುವುದಿಲ್ಲ. ತಪ್ಪು ತೋರಿಸಿ ತಿದ್ದುವ ಮ್ಯಾನೇಜರ್‌ಗೂ ಇದರಿಂದ ರಕ್ಷಣೆಯೇ.

ಗಾರ್ಮೆಂಟ್ ಲೈನಿನಲ್ಲಂತೂ ಬೈಗುಳ ವ್ಯಕ್ತಿಯ ಸ್ವಭಾವದಿಂದ ಹುಟ್ಟುವುದಲ್ಲ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ಒಂದು ಮೆಷಿನ್ ದಾರ ಕಡಿದು ನಿಂತರೆ ಅದರ ಹಿಂದಿನ ಮೇಜಿನಲ್ಲಿ ಬಂಡಲ್ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಫ್ಲೋರ್ ಇನ್‌ಚಾರ್ಜ್ ಸೂಪರ್‌ವೈಸರ್‌ನನ್ನು ಉಗಿಯುತ್ತಾರೆ, ಅವನು ಟೈಲರ್‌ನ ಮುಖಕ್ಕೆ ಬಂಡಲ್ ಎಸೆಯುತ್ತಾನೆ. ಅಲ್ಲಿ ಸೂಪರ್‌ವೈಸರ್‌ನನ್ನಷ್ಟೇ ಬದಲಿಸಿದರೆ ಹೊಸಬನೂ ತಿಂಗಳೊಳಗೆ ಅದೇ ಭಾಷೆ ಕಲಿಯುತ್ತಾನೆ. ಟಾರ್ಗೆಟ್ ನಿಗದಿ ಮಾಡುವಾಗಲೇ ಕುಂದುಕೊರತೆ ಸಮಿತಿಯ ಕಾರ್ಮಿಕ ಸದಸ್ಯರನ್ನು ಕೂರಿಸಿಕೊಳ್ಳಬೇಕು.

ರಾಜ್ಯ ಸರ್ಕಾರ ಹೊಸ ಕಾನೂನಿಗೆ ಕಾಯಬೇಕಿಲ್ಲ. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಹೋದಾಗ ಸಮಿತಿ ಸದಸ್ಯರ ಹೆಸರು ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿದೆಯೇ, ಕಾರ್ಮಿಕರ ಕಡೆಯವರನ್ನು ಆರಿಸಿದ್ದು ಯಾರು, ಕಳೆದ ವರ್ಷ ಎಷ್ಟು ಅರ್ಜಿ ಬಂದವು ಎಂದು ಕೇಳಲಿ. ಸಾವಿರ ಜನ ದುಡಿಯುವ ಕಡೆ ರಿಜಿಸ್ಟರಿನಲ್ಲಿ ಸೊನ್ನೆ ಎಂದಿದ್ದರೆ ಅಷ್ಟಕ್ಕೇ ಸಹಿ ಹಾಕಿ ಬರದೆ ಲೈನಿಗಿಳಿದು ನಾಲ್ಕು ಜನರನ್ನು, ಸೂಪರ್‌ವೈಸರ್ ಪಕ್ಕದಲ್ಲಿಲ್ಲದಾಗ, ಮಾತಾಡಿಸಲಿ.

ಇಂತಿ,
ಓದುಗ, ಬೆಂಗಳೂರು